ಬೀಳುವ ಮುನ್ನ ಬರೆದಿಡೋಣ: ನಮ್ಮ ಹಿರಿಯರ ವಾಡೆಗಳ ದಾಖಲೀಕರಣ

(ಶ್ರೀಮಠದ ವಾರ್ಷಿಕೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ತಾವು ಪ್ರತಿವರ್ಷ ಶಾಸ್ತ್ರವಿಚಾರವನ್ನೂ ದಾಸಸಾಹಿತ್ಯದ ಚಿಂತನೆಯನ್ನೂ ಕೇಳುತ್ತ ಬಂದಿದ್ದೀರಿ. ಅಂಥ ವಿಷಯಗಳಲ್ಲಿ ಮಾತನಾಡುವ ಅಧಿಕಾರ ನನಗಿಲ್ಲ. ಆದ್ದರಿಂದ ನನಗೆ ತಿಳಿದಿರುವ, ತಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಲೌಕಿಕ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ನಮ್ಮ ಊರುಗಳಲ್ಲಿ ನಿಂತಿರುವ, ಅಥವಾ ಇನ್ನೂ ನಿಂತಿದೆಯೆಂದು ನಾವು ನಂಬಿಕೊಂಡಿರುವ, ಹಿರಿಯರ ಒಕ್ಕಲುತನದ ಮನೆ. ರಾಯಚೂರು, ಕಲಬುರಗಿ, ಯಾದಗಿರಿ, ಬೀದರ, ಕೊಪ್ಪಳ ಜಿಲ್ಲೆಗಳಲ್ಲಿ ನಾವು ಅದನ್ನು ವಾಡೆ ಎಂದು ಕರೆಯುತ್ತೇವೆ. ಗದ್ವಾಲ, ಮಖ್ತಲ, ನಾರಾಯಣಪೇಟೆಗಳ ಕಡೆಯಿಂದ ಬಂದ ಬಂಧುಗಳಿಗೂ ಇಂತಹ ಮನೆಗಳು ಅಪರಿಚಿತವಲ್ಲ.

ಈ ಸಭೆಯಲ್ಲಿ ಕುಳಿತಿರುವ ಅನೇಕರು ಓದಿಗಾಗಿಯೋ ನೌಕರಿಗಾಗಿಯೋ ಹೈದರಾಬಾದಿಗೆ ಬಂದ ಕುಟುಂಬಗಳವರು. ನಮ್ಮ ಹೆಸರಿನ ಜೊತೆಗೆ ಊರಿನ ಹೆಸರು ಇನ್ನೂ ಅಂಟಿಕೊಂಡಿದೆ. ಆದರೆ ಊರಿನ ಮನೆಗೆ ಬೀಗ ಬಿದ್ದು ಎಷ್ಟು ವರ್ಷವಾಯಿತೆಂದು ಕೇಳಿದರೆ ಲೆಕ್ಕ ಹಾಕಬೇಕಾಗುತ್ತದೆ. ಬೀಗದ ಕೈ ಒಬ್ಬ ದಾಯಾದಿಯ ಬಳಿ, ಕಾಗದಪತ್ರ ಇನ್ನೊಬ್ಬರ ಬಳಿ, ಮನೆಯ ಕಥೆ ಬಲ್ಲ ಅಜ್ಜಿಯೊಬ್ಬರು ಮೂರನೆಯ ಊರಿನಲ್ಲಿ. ಈ ಮೂರನ್ನೂ ಒಂದೆಡೆ ಸೇರಿಸುವ ಕೆಲಸಕ್ಕೆ ದಾಖಲೀಕರಣವೆಂದು ಹೆಸರು. ಮನೆಯನ್ನು ಉಳಿಸುವ ಶಕ್ತಿ ಎಲ್ಲರಿಗೂ ಇರಲಾರದು. ಅದನ್ನು ಬರೆದಿಡುವ ಶಕ್ತಿ ಎಲ್ಲರಿಗೂ ಇದೆ. ಇಂದಿನ ನನ್ನ ಮಾತಿನ ಸಾರ ಇಷ್ಟೇ.

ಮನೆಗಳೇಕೆ ಬೀಳುತ್ತಿವೆ?

ಮೊದಲು ಕಾರಣಗಳನ್ನು ವಿಚಾರಿಸೋಣ. ವಾಡೆಯೆಂಬುದು ಕೇವಲ ವಾಸದ ಕಟ್ಟಡವಾಗಿರಲಿಲ್ಲ. ಅದೊಂದು ಕೃಷಿವ್ಯವಸ್ಥೆಯ ಕೇಂದ್ರವಾಗಿತ್ತು. ಹೊಲದಿಂದ ಬಂದ ಜೋಳ, ಕಡಲೆ, ಕುಸುಬೆ, ಹತ್ತಿಗಳಿಗೆ ಸ್ಥಳ ಬೇಕಾಗಿತ್ತು. ಎತ್ತುಗಳಿಗೆ ಗೋದಲಿ ಬೇಕಾಗಿತ್ತು. ಕುಲಕರ್ಣಿಕೆಯ ಅಥವಾ ಪಟವಾರಿಕೆಯ ಮನೆಯಾದರೆ ಲೆಕ್ಕಪತ್ರಕ್ಕೆ, ರೈತರು ಬಂದು ಕೂಡುವುದಕ್ಕೆ ಪಡಸಾಲೆ ಬೇಕಾಗಿತ್ತು. ಈ ವ್ಯವಸ್ಥೆ ಒಂದೊಂದಾಗಿ ಕಳಚಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಸಂಸ್ಥಾನ ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರ ಗೇಣಿ ಕಾಯ್ದೆ, 1955ರ ಇನಾಮು ರದ್ದತಿ ಕಾಯ್ದೆಗಳು ಬಂದವು. ಕರ್ನಾಟಕದಲ್ಲಿ ವಂಶಪರಂಪರೆಯ ಗ್ರಾಮಾಧಿಕಾರ 1963ರಲ್ಲಿ ಕೊನೆಗೊಂಡಿತು. ಆಂಧ್ರಪ್ರದೇಶದಲ್ಲಿ ಪಟೇಲ ಪಟವಾರಿ ಪದ್ಧತಿ 1984ರಲ್ಲಿ ಹೋಯಿತು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ದಕ್ಕಿತು. ಈ ಬದಲಾವಣೆಗಳಲ್ಲಿ ನ್ಯಾಯವಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಕಟ್ಟಡದ ಪಾಲಿಗೆ ಒಂದು ಪರಿಣಾಮವಾಯಿತು: ದುರಸ್ತಿಗೆ ಬೇಕಾದ ಕಾಳು, ಆಳು, ಆದಾಯ ಮೂರೂ ತಪ್ಪಿದವು, ಮನೆಯ ಮಕ್ಕಳು ನಗರಕ್ಕೆ ಹೊರಟರು.

ಇನ್ನೊಂದು ಕಾರಣ ಕಟ್ಟಡದ ಸ್ವಭಾವದಲ್ಲಿಯೇ ಇದೆ. ನಮ್ಮ ಕಡೆಯ ಮಾಳಿಗೆ ಮನೆಯ ಮೇಲ್ಮುದ್ದೆ ಮಣ್ಣಿನದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹೊದಿಕೆ, ಅದರ ಮೇಲೆ ಮಣ್ಣಿನ ದಪ್ಪ ಪದರ. ಪ್ರತಿವರ್ಷ ಮೃಗಶಿರಾ ಮಳೆಗೆ ಮೊದಲು ಇದರ ಮೇಲೆ ಸವಳು ಮಣ್ಣನ್ನು ಹರಡಿ ಕುಟ್ಟುವುದು ವಾಡಿಕೆ. ಹೊಲಕ್ಕೆ ಬೇಡವಾದ ಈ ಉಪ್ಪಿನ ಮಣ್ಣು ಮಾಳಿಗೆಗೆ ಏಕೆ ಬೇಕು? ಅದರಲ್ಲಿರುವ ಲವಣಾಂಶದಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಉಬ್ಬಿ ಚದುರಿ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ; ಹೀಗಾಗಿ ನೀರು ಒಳಗಿಳಿಯದೆ ದೋಣಿಯ ಕಡೆಗೆ ಹರಿದುಹೋಗುತ್ತದೆ. ಪೈರಿನ ಬೇರಿಗೆ ಮಾರಕವಾದ ಗುಣವೇ ಮನೆಯ ಮಾಳಿಗೆಗೆ ರಕ್ಷಕವಾಯಿತು. ಅಕ್ಷರ ಕಲಿಯದ ಒಕ್ಕಲಿಗರು ಕಂಡುಕೊಂಡ ಈ ಜ್ಞಾನವನ್ನು ನೆನೆದಾಗ ಗೌರವ ಹುಟ್ಟುತ್ತದೆ.

ಆದರೆ ಬೀಗ ಹಾಕಿದ ಮನೆಗೆ ಸವಳು ಮಣ್ಣು ಹರಡುವವರು ಯಾರು? ಒಂದು ಮಳೆಗಾಲದಲ್ಲಿ ಬಿರುಕು, ಮುಂದಿನ ಮಳೆಗಾಲದಲ್ಲಿ ಸೋರಿಕೆ, ನಂತರ ಜಂತಿಗೆ ಗೆದ್ದಲು. ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆಯೇ ಮರಕ್ಕೆ ಒಂದು ಕಾವಲಾಗಿತ್ತು, ಅದೂ ಇಲ್ಲವಾಯಿತು. ಸಿಮೆಂಟಿನ ಮನೆ ಒಂಟಿಯಾಗಿ ಕೆಲವು ಕಾಲ ನಿಲ್ಲಬಲ್ಲದು, ಮಣ್ಣಿನ ಮನೆ ಮನುಷ್ಯರಿಲ್ಲದೆ ನಿಲ್ಲಲಾರದು.

ಇದರ ಮೇಲೆ ಪ್ರಕೃತಿಯ ಆಘಾತಗಳು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಕುಸಿದು ಸಾವಿರಾರು ಜನ ಸತ್ತರು. ಬೀದರ, ಕಲಬುರಗಿಗಳ ಜನ ಆ ದಿನವನ್ನು ಮರೆತಿಲ್ಲ. ಗೋಡೆ ಹೊರಕ್ಕೆ ಬಿದ್ದರೂ ಮರದ ಕಂಬ ತೊಲೆಗಳ ಚೌಕಟ್ಟು ನಿಂತೇ ಇದ್ದ ಮನೆಗಳನ್ನೂ ಅಲ್ಲಿ ತಜ್ಞರು ಗುರುತಿಸಿದರು. ಇನ್ನು 2009ರ ಅಕ್ಟೋಬರ್ ಮೊದಲ ದಿನಗಳಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯದೊಳಕ್ಕೆ ನುಗ್ಗಿದ್ದನ್ನು ತಾವೆಲ್ಲ ಬಲ್ಲಿರಿ. ಅದೇ ದಿನಗಳಲ್ಲಿ ರಾಯಚೂರು, ಬಾಗಲಕೋಟೆ, ವಿಜಯಪುರ ಮೊದಲಾದ ಜಿಲ್ಲೆಗಳ ಹಳ್ಳಿಹಳ್ಳಿಗಳಲ್ಲಿ ಮಣ್ಣಿನ ಮನೆಗಳು ನೆನೆದು ಕುಸಿದವು. ನೆರೆ ಇಳಿದ ಮೇಲೆ ಆ ಮನೆಗಳ ಆಕಾರ ಹೇಗಿತ್ತೆಂದು ಹೇಳುವ ಒಂದು ರೇಖಾಚಿತ್ರವಾದರೂ ಎಷ್ಟು ಕುಟುಂಬಗಳ ಬಳಿ ಇತ್ತು?

ದೇವಾಲಯಕ್ಕೆ ದೊರೆತದ್ದು, ಮನೆಗೆ ದೊರೆಯದದ್ದು

ಶ್ರೀಶೈಲದ ಜಲಾಶಯ ತುಂಬುವ ಮೊದಲು ಕೃಷ್ಣಾ ತುಂಗಭದ್ರಾ ಸಂಗಮದ ಕೂಡವೆಲ್ಲಿಯಲ್ಲಿದ್ದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ನಾಗಾರ್ಜುನಸಾಗರದ ನೀರಿನಿಂದ ನಾಗಾರ್ಜುನಕೊಂಡದ ಅವಶೇಷಗಳನ್ನೂ ಹೀಗೆಯೇ ಎತ್ತರಕ್ಕೆ ಸಾಗಿಸಿ ಕಾಪಾಡಲಾಯಿತು. ಇವು ಶ್ಲಾಘ್ಯವಾದ ಕಾರ್ಯಗಳು. ಆದರೆ ಅದೇ ನೀರಿನಲ್ಲಿ ಮುಳುಗಿದ ಹಳ್ಳಿಗಳ ಮನೆಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿದವರಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಗ್ರಾಮಗಳೂ ಹೋದಾಗ ನೂರಾರು ವರ್ಷಗಳ ವಸತಿವಿನ್ಯಾಸವೊಂದು ನೀರಿನಡಿಗೆ ಸೇರಿತು. ದೇವಾಲಯವನ್ನು ಪರಂಪರೆಯೆಂದು ಗುರುತಿಸುವ ಕಣ್ಣು ನಮಗೆ ಬಂದಿದೆ. ಮನೆಯನ್ನು ಹಾಗೆ ನೋಡುವ ಕಣ್ಣು ಇನ್ನೂ ಬರಬೇಕಾಗಿದೆ.

ಈ ಕಣ್ಣು ಇದ್ದ ಒಬ್ಬ ಕನ್ನಡಿಗರನ್ನು ಇಲ್ಲಿ ಸ್ಮರಿಸಬೇಕು. ಮಣಿಪಾಲದ ವಿಜಯನಾಥ ಶೆಣೈ ಅವರು ವಾಸ್ತುಶಿಲ್ಪಿಯಲ್ಲ, ಇಂಜಿನಿಯರೂ ಅಲ್ಲ, ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದವರು. ಉಡುಪಿಯ ಸುತ್ತಮುತ್ತ ಹಳೆಯ ಮನೆಗಳನ್ನು ಕೆಡವಿ ಮರವನ್ನು ಮಾರುತ್ತಿದ್ದುದನ್ನು ಕಂಡು ಮರುಗಿ, ಹಾಗೆ ಸಂಗ್ರಹಿಸಿದ ಕಂಬ ಬಾಗಿಲುಗಳಿಂದ ಮೊದಲು ತಮ್ಮದೇ ಮನೆಯನ್ನು ಕಟ್ಟಿಕೊಂಡರು. ಅದಕ್ಕೆ ‘ಹಸ್ತಶಿಲ್ಪ’ ಎಂದು ಹೆಸರಿಟ್ಟರು. ಬಳಿಕ ಅದೇ ಹೆಸರಿನ ಟ್ರಸ್ಟನ್ನು ಸ್ಥಾಪಿಸಿ ಮಣಿಪಾಲದಲ್ಲಿ ಪರಂಪರಾ ಗ್ರಾಮವನ್ನು ನಿರ್ಮಿಸಿದರು. ಕರಾವಳಿಯ ಕುಂಜೂರು ಚೌಕಿಮನೆ, ಮಿಯಾರು ಮನೆಗಳ ಜೊತೆಗೆ ನಮ್ಮ ಕೊಪ್ಪಳ ಸೀಮೆಯ ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರು ಮಂಟಪ, ದಖನಿನ ನವಾಬರ ಮಹಲು ಇವೆಲ್ಲ ಅಲ್ಲಿ ಮರುಜೀವ ಪಡೆದಿವೆ. 2017ರಲ್ಲಿ ಶೆಣೈ ಅವರು ನಮ್ಮನ್ನಗಲಿದರು. ಮನೆಯನ್ನು ಬಿಚ್ಚುವ ಮೊದಲು ಅಳೆಯುವುದು, ನಕ್ಷೆ ಬರೆಯುವುದು, ಛಾಯಾಚಿತ್ರ ತೆಗೆಯುವುದು, ಪ್ರತಿಯೊಂದು ಭಾಗಕ್ಕೂ ಸಂಖ್ಯೆ ಬರೆಯುವುದು: ಇಷ್ಟು ಶಿಸ್ತಿಲ್ಲದಿದ್ದರೆ ಬಿಚ್ಚಿದ ಮನೆ ಸೌದೆಯ ರಾಶಿಯಾಗುತ್ತಿತ್ತು.

ಚೆನ್ನೈ ಸಮೀಪದ ಮುತ್ತುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿಯೂ ಇಳಕಲ್ಲಿನ ನೇಕಾರರ ಮನೆಯೊಂದನ್ನು ಕಾಣಬಹುದು. ಇಂಥ ಪ್ರಯತ್ನಗಳಿಗೆ ಹಳೆಯ ಮೇಲ್ಪಂಕ್ತಿಯಿದೆ. ಸ್ವೀಡನ್ ದೇಶದ ಆರ್ತುರ್ ಹಝೇಲಿಯಸ್ ಎಂಬವರು 1891ರಲ್ಲಿಯೇ ಸ್ಟಾಕ್‌ಹೋಮಿನ ಸ್ಕಾನ್ಸೆನ್ನಿನಲ್ಲಿ ಒಕ್ಕಲುಮನೆಗಳನ್ನು ತಂದು ನಿಲ್ಲಿಸಿದರು. ಆದರೆ ಎಲ್ಲ ಮನೆಗಳನ್ನೂ ಹೀಗೆ ಸಾಗಿಸುವುದು ಸಾಧ್ಯವಿಲ್ಲ. ಸಾಗಿಸಿದ ಮನೆಗೆ ತನ್ನ ಬಾವಿ, ತನ್ನ ಕಣ, ತನ್ನ ಬೇವಿನ ಮರ ಜೊತೆಗೆ ಬರುವುದೂ ಇಲ್ಲ. ಆದ್ದರಿಂದ ನಮಗೆ ಹೆಚ್ಚು ಹತ್ತಿರವಾದ ಮಾದರಿ ಅಮೆರಿಕದ್ದು. ಅಲ್ಲಿ 1933ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದೆ ಕುಳಿತಿದ್ದ ವಾಸ್ತುಶಿಲ್ಪಿಗಳಿಗೆ ಹಳೆಯ ಕಟ್ಟಡಗಳನ್ನು ಅಳೆದು ಚಿತ್ರಿಸುವ ಕೆಲಸವನ್ನು ಸರಕಾರ ಕೊಟ್ಟಿತು. ದೊಡ್ಡ ಸೌಧಗಳ ಜೊತೆಗೆ ಸಾಮಾನ್ಯ ರೈತರ ಮನೆ, ಕೊಟ್ಟಿಗೆಗಳನ್ನೂ ಅವರು ಬಿಡಲಿಲ್ಲ. ಅಳತೆಯ ನಕ್ಷೆ, ಛಾಯಾಚಿತ್ರ, ಲಿಖಿತ ಇತಿಹಾಸ ಈ ಮೂರೂ ಸೇರಿದ ಕಡತಗಳು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಎಷ್ಟೋ ಕಟ್ಟಡಗಳು ಈಗ ಉಳಿದಿಲ್ಲ, ಕಡತ ಉಳಿದಿದೆ.

ದೂರ ಹೋಗಬೇಕಾಗಿಲ್ಲ, ನಮ್ಮ ಹೈದರಾಬಾದಿನಲ್ಲಿಯೇ ನಿದರ್ಶನವಿದೆ. 1908ರ ಮೂಸಿ ನದಿಯ ಮಹಾಪೂರ ನಗರವನ್ನು ಧ್ವಂಸಮಾಡಿದ ಮೇಲೆ, 1912ರಿಂದ 1915ರ ಅವಧಿಯಲ್ಲಿ ಲಿಯೋನಾರ್ಡ್ ಮನ್ ಎಂಬ ಇಂಜಿನಿಯರರ ನೇತೃತ್ವದಲ್ಲಿ ನಗರದ ಸಮಗ್ರ ಮೋಜಣಿ ನಡೆಯಿತು. ಬೀದಿ, ಗಲ್ಲಿ, ಮನೆ, ಅಂಗಳ, ಬಾವಿಗಳನ್ನು ಗುರುತಿಸಿದ ಆ ನಕ್ಷೆಗಳನ್ನು ಇಂದಿಗೂ ವಿದ್ವಾಂಸರು ಬಳಸುತ್ತಾರೆ. ಕಾಣೆಯಾದ ದೇವಡಿಗಳ ವಿಸ್ತಾರ ತಿಳಿಯುವುದು ಅವುಗಳಿಂದಲೇ. ಚಾರ್ಮಿನಾರಿನ ಬಳಿ 1845ರಲ್ಲಿ ಕಟ್ಟಿದ್ದ ಮಾಲ್ವಾಲಾ ಅರಮನೆಯ ಮರದ ಕೆತ್ತನೆ ಪ್ರಖ್ಯಾತವಾಗಿತ್ತು. 2000ದಲ್ಲಿ ಅದನ್ನು ಕೆಡವಲಾಯಿತು. ಹೆಸರಾಂತ ಅರಮನೆಗೆ ನಗರದ ನಡುವೆಯೇ ಈ ಗತಿಯಾದರೆ, ಹಳ್ಳಿಯ ಕೊನೆಯ ಓಣಿಯ ವಾಡೆಯನ್ನು ಕೇಳುವವರು ಯಾರು? ತೆಲಂಗಾಣದಲ್ಲಿ 2017ರ ಪರಂಪರಾ ಕಾಯ್ದೆಯಿದೆ, ಕರ್ನಾಟಕದಲ್ಲಿ 1961ರ ಕಾಯ್ದೆಯಿದೆ. ಆದರೆ ಖಾಸಗಿಯವರ ಒಕ್ಕಲುಮನೆಯ ಬಾಗಿಲಿನವರೆಗೆ ಈ ಕಾಯ್ದೆಗಳು ಬಂದು ಮುಟ್ಟುವುದು ಅಪರೂಪ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಗ್ರಾಮವಸತಿಗಳ ಎಲ್ಲೆಯನ್ನು ಅಳೆದು ಹಕ್ಕುಪತ್ರ ಕೊಡುತ್ತಾರೆ. ಬಹಳ ಉಪಯುಕ್ತವಾದ ಕಾರ್ಯ. ಆದರೆ ಡ್ರೋನು ಮಾಳಿಗೆಯನ್ನು ನೋಡುತ್ತದೆ, ಮಾಳಿಗೆಯ ಕೆಳಗಿನ ಬಾಳನ್ನು ನೋಡಲಾರದು. ಅದನ್ನು ಮನೆಯವರೇ ಬರೆಯಬೇಕು.

ಏನನ್ನು ಬರೆಯಬೇಕು?

ರಾಯಚೂರು ಸೀಮೆಯ ಒಂದು ವಾಡೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಎತ್ತರದ ಹೆಬ್ಬಾಗಿಲು, ಅದರಲ್ಲೊಂದು ಬಗ್ಗಿ ಹೋಗುವ ದಿಡ್ಡಿ ಬಾಗಿಲು, ಒಳಗೆ ಎರಡೂ ಕಡೆ ಕಟ್ಟೆ. ಮುಂದೆ ಅಂಗಳ, ಅಂಗಳದಲ್ಲಿ ತುಳಸಿ ಬೃಂದಾವನ. ಒಂದು ಪಕ್ಕಕ್ಕೆ ದನಗಳ ಅಂಕಣ, ಎದುರಿಗೆ ಒಂದೆರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಅದರ ಹಿಂದೆ ನಡುಮನೆ, ದೇವರ ಮನೆ, ಅಡಿಗೆಮನೆ, ಕತ್ತಲೆಯ ಕೋಣೆ, ಮೇಲೆ ನಾಗೊಂದಿ, ಹಿತ್ತಲಿನಲ್ಲಿ ಬಾವಿ. ನೆಲದಲ್ಲಿ ಶಹಾಬಾದದ ಫರಸಿ. ಒಂದು ಗಜಕ್ಕೂ ಮೀರಿದ ದಪ್ಪದ ಗೋಡೆ ಹಗಲಿನ ಬಿಸಿಲನ್ನು ಹೀರಿ ಒಳಗೆ ಬಿಡದೆ ತಡೆಯುತ್ತದೆ. ಮೇಲಿನ ಬೆಳಕಿಂಡಿಯಿಂದ ಬಿಸಿಗಾಳಿ ಹೊರಟುಹೋಗುತ್ತದೆ. ವೈಶಾಖದಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದಾಗಲೂ ನಡುಮನೆ ತಂಪಾಗಿರುವ ಗುಟ್ಟು ಇದು.

ಇದನ್ನು ದಾಖಲಿಸಲು ಮೊದಲು ಬೇಕಾದದ್ದು ಅಳತೆಯ ಟೇಪು, ಚೌಕಳಿ ಹಾಳೆಯ ನೋಟುಪುಸ್ತಕ ಮತ್ತು ಇಬ್ಬರು ಜೊತೆಗಾರರು. ಪ್ರತಿ ಕೋಣೆಯ ಉದ್ದ, ಅಗಲಗಳ ಜೊತೆಗೆ ಮೂಲೆಯಿಂದ ಮೂಲೆಗೆ ಕರ್ಣದ ಅಳತೆಯನ್ನೂ ತೆಗೆಯಬೇಕು. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಕೋಣೆಯ ಕರ್ಣ ಹದಿನೈದು ಅಡಿ ಬಂದರೆ ಮೂಲೆ ಸರಿಯಾಗಿದೆಯೆಂದರ್ಥ; ಹೆಚ್ಚು ಕಡಿಮೆ ಬಂದರೆ ಕೋಣೆ ಓರೆಯಾಗಿದೆ, ನಕ್ಷೆಯಲ್ಲಿಯೂ ಓರೆಯಾಗಿಯೇ ಬರೆಯಬೇಕು. ಹಳೆಯ ಮನೆಗಳಲ್ಲಿ ಓರೆ ಸಾಮಾನ್ಯ. ಕಾಗದದ ಮೇಲೆ ಅದನ್ನು ತಿದ್ದಿ ಚೆನ್ನಾಗಿ ಕಾಣಿಸುವುದು ಸುಳ್ಳು ಬರೆದಂತೆ. ಗೋಡೆಯ ದಪ್ಪವನ್ನು ಬಾಗಿಲು ಕಿಟಕಿಗಳ ಬಳಿ ಅಳೆಯಬಹುದು. ಕಂಬದಿಂದ ಕಂಬಕ್ಕೆ ಎಷ್ಟು ದೂರ, ಒಟ್ಟು ಎಷ್ಟು ಅಂಕಣ ಎಂಬುದು ಮುಖ್ಯ. ನಮ್ಮ ಹಿರಿಯರು ಮನೆಯ ಗಾತ್ರವನ್ನು ಹೇಳುತ್ತಿದ್ದುದೇ ಅಂಕಣದ ಲೆಕ್ಕದಲ್ಲಿ. ನೆಲದ ನಕ್ಷೆಯಲ್ಲದೆ, ಮನೆಯನ್ನು ನೆತ್ತಿಯಿಂದ ಬುಡದವರೆಗೆ ಸೀಳಿದರೆ ಹೇಗೆ ಕಂಡೀತೋ ಅಂತಹ ಒಂದು ಚಿತ್ರವೂ ಬೇಕು. ಮೆಟ್ಟಿಲುಗಳ ಏರಿಳಿತ ತಿಳಿಯುವುದು ಅದರಲ್ಲಿಯೇ. ಉತ್ತರ ದಿಕ್ಕನ್ನು ಗುರುತಿಸುವುದನ್ನು ಮರೆಯಬಾರದು.

ಎರಡನೆಯದು ಛಾಯಾಚಿತ್ರ. ಕೆತ್ತನೆಯ ಬಾಗಿಲನ್ನು ಎಲ್ಲರೂ ತೆಗೆಯುತ್ತಾರೆ. ಒಲೆ, ಬಚ್ಚಲು, ಗೋದಲಿ, ಒರಳು, ಗೋಡೆಯ ಗೂಡು, ಅಗುಳಿ, ಕಂಬ ತೊಲೆ ಕೂಡುವ ಸಂದು ಇವುಗಳನ್ನು ತೆಗೆಯುವವರು ಕಡಿಮೆ. ಪ್ರತಿ ಕೋಣೆಯ ನಾಲ್ಕು ಗೋಡೆ, ನೆಲ, ಮೇಲ್ಭಾಗ ಆರೂ ಬೇಕು. ಅಳತೆ ತಿಳಿಯಲು ಗುರುತು ಮಾಡಿದ ಒಂದು ಕೋಲನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಚಿತ್ರದ ಸಂಖ್ಯೆಯನ್ನು ನಕ್ಷೆಯ ಮೇಲೆ ನಮೂದಿಸಬೇಕು. ಇಲ್ಲವಾದರೆ ಹತ್ತು ವರ್ಷದ ನಂತರ ಯಾವ ಗೋಡೆ ಯಾವುದೆಂದು ತೆಗೆದವರಿಗೇ ತಿಳಿಯದು. ಇಪ್ಪತ್ತು ವರ್ಷಗಳ ಹಿಂದೆ ಸಿ.ಡಿ.ಗಳಲ್ಲಿ ತುಂಬಿಟ್ಟ ಚಿತ್ರಗಳನ್ನು ಇಂದು ತೆರೆಯಲು ಯಂತ್ರವೇ ಮನೆಯಲ್ಲಿಲ್ಲ. ಆದ್ದರಿಂದ ಮುಖ್ಯವಾದ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಇಡುವುದು ಕ್ಷೇಮ.

ಮೂರನೆಯದು ಕಾಲನಿರ್ಣಯ. ತೊಲೆಯ ಮೇಲೋ ಬಾಗಿಲಿನ ಮೇಲೋ ಸಂವತ್ಸರದ ಹೆಸರು ಕೊರೆದಿರಬಹುದು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ದೊರೆಯುತ್ತದೆ: ಶಕ 1800 ಬಹುಧಾನ್ಯವೆಂದರೆ 1878. ಕೇವಲ ಬಹುಧಾನ್ಯವೆಂದಿದ್ದರೆ ಅವಸರ ಕೂಡದು. ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಮರಳುವುದರಿಂದ ಅದು 1818ರದೂ ಆಗಬಹುದು, 1938ರದೂ ಆಗಬಹುದು. ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಸಂಸ್ಥಾನದ ಕೊನೆಯ ದಶಕಗಳ ಫಸಲಿಗೆ 590 ಕೂಡಿಸಬೇಕು. ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿದ್ದುದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 591. ಜಹಗೀರು ರದ್ದತಿಯ ಆಜ್ಞೆ 1358 ಫಸಲಿಯದು. ಅದು ಹೊರಟದ್ದು 1949ರ ಆಗಸ್ಟಿನಲ್ಲಿ. ಕಾಗದಗಳು ಕನ್ನಡದಲ್ಲಿ, ಮೋಡಿಯಲ್ಲಿ, ಉರ್ದುವಿನಲ್ಲಿ, ಇನ್ನೂ ಹಿಂದಿನವಾದರೆ ಪಾರಸಿಯಲ್ಲಿ ಇರಬಹುದು. ಓದಲು ಬಾರದೆಂದು ಬಿಸಾಡಬಾರದು. ಈ ನಗರದಲ್ಲಿ ಅವನ್ನು ಓದಬಲ್ಲ ಹಿರಿಯರು ಇನ್ನೂ ಇದ್ದಾರೆ. ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ದಫ್ತರಗಳಿವೆ.

ನಾಲ್ಕನೆಯದು ಹೊರಗಿನ ಪರಿಸರ. ಬಾವಿ, ಕಪಿಲೆಯ ಇಳಿಜಾರು, ಕಣ, ಬಣವೆಯ ಜಾಗ, ಹಗೇವು. ಹಗೇವಿನ ವಿಷಯದಲ್ಲಿ ಒಂದು ಎಚ್ಚರಿಕೆ. ನೆಲದಲ್ಲಿ ತೋಡಿ, ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದ ಈ ಕಣಜದಲ್ಲಿ ಬಹುಕಾಲದ ಕೆಟ್ಟ ಗಾಳಿ ನಿಂತಿರುತ್ತದೆ. ಹಿಂದೆ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ನಂತರವೇ ಮನುಷ್ಯನನ್ನು ಇಳಿಸುತ್ತಿದ್ದರು. ಅಳತೆ ತೆಗೆಯುವ ಉತ್ಸಾಹದಲ್ಲಿ ಯಾರೂ ಮುಚ್ಚಿದ ಹಗೇವಿಗೆ ಇಳಿಯಬಾರದು. ಮೇಲಿನಿಂದ ದಾರ ಬಿಟ್ಟು ಆಳ ತಿಳಿದುಕೊಂಡರೆ ಸಾಕು. ಹಾಗೆಯೇ ಜಂತಿ ಕೊಳೆತ ಮಾಳಿಗೆಯ ಮೇಲೆ ಹತ್ತಬಾರದು.

ಗೋಡೆಗಳು ಹೇಳದ ಕಥೆ

ಈಗ ಎಲ್ಲಕ್ಕಿಂತ ಕಠಿಣವಾದ ಭಾಗಕ್ಕೆ ಬರುತ್ತೇನೆ. ಟೇಪಿಗೆ ಸಿಗುವುದು ಗೋಡೆ. ಬಾಳು ಸಿಗುವುದು ಮಾತಿನಲ್ಲಿ. ಹಿರಿಯರನ್ನು ಕೂಡಿಸಿ ಕೇಳಬೇಕು, ಅವರ ದನಿಯಲ್ಲಿಯೇ ಮುದ್ರಿಸಿಕೊಳ್ಳಬೇಕು. ಸಾಮಾನ್ಯವಾಗಿ ನಾವು ಕೇಳುವುದು ಗಂಡಸರನ್ನು. ಅವರು ಹೇಳುವುದು ಭೂಮಿಯ, ವ್ಯಾಜ್ಯದ, ಅಧಿಕಾರದ ಕಥೆಯನ್ನು. ಮನೆಯನ್ನು ನಿಜವಾಗಿ ಬಲ್ಲವರು ಅದರೊಳಗೆ ದಿನವೆಲ್ಲ ದುಡಿದ ಹೆಣ್ಣುಮಕ್ಕಳು. ಯಾವ ಕೋಣೆ ಬಾಣಂತನಕ್ಕೆ, ಯಾವ ಮೂಲೆಯಲ್ಲಿ ಉಪ್ಪಿನಕಾಯಿ ಕೆಡುವುದಿಲ್ಲ, ಮಡಿಬಟ್ಟೆ ಎಲ್ಲಿ ಒಣಗುತ್ತಿತ್ತು, ನಸುಕಿನಲ್ಲಿ ಬೀಸುಕಲ್ಲಿನ ಬಳಿ ಯಾವ ಹಾಡು ಕೇಳುತ್ತಿತ್ತು ಎಂಬುದು ಅವರಿಗೆ ಗೊತ್ತು.

ಅವರಿಗೆ ಇನ್ನೂ ಕೆಲವು ಸಂಗತಿಗಳು ಗೊತ್ತಿವೆ. ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣುಮಗಳೊಬ್ಬಳು ಇಡೀ ಆಯುಷ್ಯವನ್ನು ಕಳೆದ ಕತ್ತಲೆಯ ಕೋಣೆ ಎಷ್ಟೋ ಮನೆಗಳಲ್ಲಿತ್ತು. ಹಾಗೆಯೇ ಹೊಲದಲ್ಲಿ ದುಡಿದು ಮನೆಯನ್ನು ತುಂಬಿಸಿದ ಆಳು ಯಾವ ಕಟ್ಟೆಯವರೆಗೆ ಮಾತ್ರ ಬರಬಹುದಾಗಿತ್ತು, ಅವನಿಗೆ ನೀರು ಎಲ್ಲಿಂದ ಎತ್ತಿ ಹೊಯ್ಯುತ್ತಿದ್ದರು ಎಂಬುದೂ ಮನೆಯ ನಕ್ಷೆಯ ಒಂದು ಭಾಗವೇ. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ನಡುಮನೆಗೆ ಏರುವ ಮೆಟ್ಟಿಲುಗಳು ಬರಿಯ ಮೆಟ್ಟಿಲುಗಳಾಗಿರಲಿಲ್ಲ. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಅವು ಬಾಯಿಬಿಡದೆ ಹೇಳುತ್ತಿದ್ದವು. ಇವನ್ನು ಬರೆದರೆ ಹಿರಿಯರಿಗೆ ಅಗೌರವವಾದೀತೆಂದು ಕೆಲವರು ಅಂಜುತ್ತಾರೆ. ಆದರೆ ಹಿರಿಯರ ಸದ್ಗುಣಗಳನ್ನು ನಂಬಿಸಬೇಕಾದರೆ ಅವರ ಕಾಲದ ಕೊರತೆಗಳನ್ನು ಮರೆಮಾಚದ ಬರಹವೇ ಬೇಕು. ಬರೀ ಹೊಗಳಿಕೆಯ ದಾಖಲೆಯನ್ನು ಮೊಮ್ಮಕ್ಕಳು ನಂಬುವುದಿಲ್ಲ. ಆ ಆಳುಮಕ್ಕಳ ವಂಶದವರು ಇಂದಿಗೂ ಊರಿನಲ್ಲಿದ್ದಾರೆ. ಅವರನ್ನು ಕೂಡಿಸಿಕೊಂಡು ಕೇಳಬೇಕು. ಮರ ಕೆತ್ತಿದ ಬಡಿಗರ, ಗೋಡೆ ಕಟ್ಟಿದವರ ಮನೆತನಗಳನ್ನು ವಿಚಾರಿಸಬೇಕು. ಕಟ್ಟಿಸಿದವರ ಹೆಸರು ಬಾಗಿಲ ಮೇಲಿದ್ದರೆ, ಕಟ್ಟಿದವರ ಹೆಸರು ನಮ್ಮ ಕಡತದಲ್ಲಾದರೂ ಇರಲಿ.

ನಮ್ಮ ಪರಂಪರೆಯಲ್ಲಿ ಇಂತಹ ಸಂಗ್ರಹಕಾರ್ಯಕ್ಕೆ ಪೂಜ್ಯವಾದ ಆದರ್ಶವಿದೆ. ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಹರಿದಾಸರ ಕೃತಿಗಳನ್ನು ಹುಡುಕಿ, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಪ್ರಕಟಿಸಿದರು. ಆ ಕೃತಿಗಳ ಹಸ್ತಪ್ರತಿಗಳು ಉಳಿದಿದ್ದು ಬಹುಮಟ್ಟಿಗೆ ಇಂತಹ ಮನೆಗಳ ಗೂಡುಗಳಲ್ಲಿ, ಸಂದೂಕಗಳಲ್ಲಿ. ಹಾಡುಗಳು ಉಳಿದಿದ್ದು ಆ ಮನೆಗಳ ಹೆಣ್ಣುಮಕ್ಕಳ ನಾಲಿಗೆಯ ಮೇಲೆ. ದಾಸರು ಊರೂರು ಸಂಚರಿಸಿದಾಗ ಇಳಿದುಕೊಂಡದ್ದು, ಭಜನೆ ನಡೆದದ್ದು ಇಂತಹ ಪಡಸಾಲೆಗಳಲ್ಲಿ. ಮಾನವಿಯಲ್ಲಿ ಜಗನ್ನಾಥದಾಸರ ಸ್ಮರಣೆಯ ತಾಣ ಅವರ ಹೆಸರಿನ ಬಲದಿಂದ ಉಳಿದಿದೆ. ಹೆಸರಿಲ್ಲದ ಪಡಸಾಲೆಗಳು ಉಳಿಯಲಿಲ್ಲ. ಹಾಡನ್ನು ಕಾಪಾಡಿದ ಮನೆಗೆ ನಾವು ಋಣಿಗಳು.

ಮಾಡುವ ಬಗೆ

ಕೊನೆಯದಾಗಿ ಕೆಲವು ವ್ಯಾವಹಾರಿಕ ಸೂಚನೆಗಳು. ಮೊದಲು ಎಲ್ಲ ಪಾಲುದಾರರಿಗೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಹಳ್ಳಿಯಲ್ಲಿ ಯಾರಾದರೂ ಟೇಪು ಹಿಡಿದರೆ ಪಾಲು ಕೇಳಲು ಬಂದರೆಂದು ಸಂಶಯ ಹುಟ್ಟುತ್ತದೆ. ಈ ನಕ್ಷೆಯಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಯಾರ ಹಕ್ಕೂ ಅಳಿಯುವುದಿಲ್ಲ ಎಂದು ಮೊದಲ ಪುಟದಲ್ಲಿಯೇ ಬರೆದು ಎಲ್ಲರ ಸಹಿ ಹಾಕಿಸಿ, ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟರೆ ಸಂಶಯ ನೀಗುತ್ತದೆ. ಮಾತು ಬಿಟ್ಟಿದ್ದ ದಾಯಾದಿಗಳು ಅಜ್ಜನ ಕೋಣೆ ಯಾವುದಿತ್ತೆಂಬ ಪ್ರಶ್ನೆಗೆ ಉತ್ತರಿಸಲು ಒಂದೇ ಪಡಸಾಲೆಯಲ್ಲಿ ಕುಳಿತರೆ ಅದೇ ಒಂದು ಲಾಭ.

ಎರಡನೆಯದಾಗಿ, ಕಂಬ, ಬಾಗಿಲುಗಳನ್ನು ಕೊಳ್ಳಲು ಬರುವವರ ವಿಷಯ. ಮನೆ ಬೀಳುವ ಹಂತಕ್ಕೆ ಬಂದಾಗ ಮಾರುವುದು ಕೆಲವರಿಗೆ ಅನಿವಾರ್ಯ, ಅವರನ್ನು ದೂಷಿಸಲಾರೆ. ಆದರೆ ಮಾರುವ ಮೊದಲು ಅಳೆದು, ಚಿತ್ರ ತೆಗೆದು, ಅದು ಎಲ್ಲಿತ್ತೆಂದು ಬರೆದಿಡಿರಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತುಗಳೂ, ಮಹತ್ವವುಳ್ಳ ಎಪ್ಪತ್ತೈದು ವರ್ಷ ಮೀರಿದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ, ಅವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ ಎಂಬುದೂ ತಿಳಿದಿರಲಿ.

ಮೂರನೆಯದಾಗಿ, ಕಡತದ ಕನಿಷ್ಠ ಮೂರು ಪ್ರತಿಗಳಿರಲಿ: ಒಂದು ಊರಿನಲ್ಲಿ, ಒಂದು ಹೈದರಾಬಾದಿನ ಮನೆಯಲ್ಲಿ, ಒಂದು ಸಾರ್ವಜನಿಕ ಸಂಸ್ಥೆಯೊಂದರ ಗ್ರಂಥಾಲಯದಲ್ಲಿ. ಈ ನಗರದಲ್ಲಿ ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಬೇಸಿಗೆಯ ಬಿಡುವಿನಲ್ಲಿ ಅವರನ್ನು ಆದರದಿಂದ ಊರಿಗೆ ಕರೆದೊಯ್ದು, ಜೋಳದ ರೊಟ್ಟಿ ಬಡಿಸಿದರೆ ಅವರ ಕೈಯಿಂದ ಒಳ್ಳೆಯ ನಕ್ಷೆ ಮೂಡುತ್ತದೆ. ಅವರಿಗೂ ಪುಸ್ತಕದಲ್ಲಿ ಸಿಗದ ಪಾಠ ದೊರೆಯುತ್ತದೆ. 1984ರಲ್ಲಿ ಸ್ಥಾಪಿತವಾದ ‘ಇಂಟಾಕ್’ ಸಂಸ್ಥೆಯ ಶಾಖೆಗಳಿಂದಲೂ ಮಾರ್ಗದರ್ಶನ ಕೇಳಬಹುದು.

ಇಷ್ಟೆಲ್ಲ ಮಾಡಿದರೆ ಮನೆ ಉಳಿಯುತ್ತದೆಯೇ ಎಂದು ತಾವು ಕೇಳಬಹುದು. ಕೆಲವು ಉಳಿಯುತ್ತವೆ. ಅಳೆಯಲು ಹೋದವರು ಮಾಳಿಗೆಯ ಬಿರುಕನ್ನು ಕಾಣುತ್ತಾರೆ, ಕಂಡವರಲ್ಲಿ ಒಬ್ಬರಾದರೂ ಮಣ್ಣು ಹಾಕಿಸುತ್ತಾರೆ. ಹಲವು ಉಳಿಯುವುದಿಲ್ಲ. ಆದರೆ ಲಿಖಿತವಿಲ್ಲದೆ ಬಿದ್ದ ಮನೆ ಎರಡು ಸಲ ಬೀಳುತ್ತದೆ: ಒಮ್ಮೆ ಊರಿನಲ್ಲಿ, ಮತ್ತೊಮ್ಮೆ ನಮ್ಮ ಮಕ್ಕಳ ಮನಸ್ಸಿನಲ್ಲಿ. ಮೊದಲನೆಯದನ್ನು ತಡೆಯುವುದು ನಮ್ಮ ಕೈಮೀರಿರಬಹುದು, ಎರಡನೆಯದು ನಮ್ಮ ಕೈಯಲ್ಲಿದೆ.

ಮುಂದಿನ ಮಳೆಗಾಲಕ್ಕೆ ಮೊದಲು ಈ ಸಭೆಯಲ್ಲಿರುವ ಹತ್ತು ಮನೆತನಗಳಾದರೂ ತಮ್ಮ ವಾಡೆಯ ಕಡತವನ್ನು ಸಿದ್ಧಪಡಿಸಲಿ. ಮುಂದಿನ ವಾರ್ಷಿಕೋತ್ಸವದಲ್ಲಿ ಅವುಗಳ ಪುಟ್ಟ ಪ್ರದರ್ಶನ ಇದೇ ಸಭಾಂಗಣದಲ್ಲಿ ನಡೆಯಲಿ ಎಂದು ವ್ಯವಸ್ಥಾಪಕರಲ್ಲಿ ಪ್ರಾರ್ಥಿಸುತ್ತೇನೆ. ಈ ಸತ್ಕಾರ್ಯಕ್ಕೆ ಹರಿವಾಯುಗುರುಗಳ ಅನುಗ್ರಹವಿರಲೆಂದು ಬೇಡಿಕೊಂಡು ನನ್ನ ಮಾತುಗಳನ್ನು ಮುಗಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.